ಮೂರನೆಯ ತೂತಿನ ಹವಳ

ಹಾಲವ್ವನಿಗೆ ತನ್ನ ಅಳಿಯನ ಮುಖ ಸರಿಯಾಗಿ ಗೊತ್ತಿರಲಿಲ್ಲ ಎಂದರೆ ಈಗಿನವರು ನಗುತ್ತಾರೆ. ನಗಲಿ. ಮಗಳು ಸುಂದ್ರವ್ವನ ಮದುವೆಯಾಗಿ ಏಳು ವರ್ಷವಾಗಿದ್ದರೂ ಅತ್ತೆ ಅಳಿಯನ ಎದುರು ನಿಂತು ಒಂದು ಮಾತಾಡಿದವಳಲ್ಲ. ಜಮಖಂಡಿಯ ಕಡೆ ಅವರ ಮನೆತನದಲ್ಲಿ ಅದೇ ಮರ್ಯಾದೆ. ಅಳಿಯ ಬಂದರೆ ಅತ್ತೆ ಸೆರಗು ಮುಂದೆಳೆದು ಬಾಗಿಲ ಹಿಂದೆ ಸರಿಯಬೇಕು. ಅತ್ತೆ ಎದುರಾದರೆ ಅಳಿಯ ಮುಖ ತಿರುಗಿಸಿ ಆಚೆ ಹೋಗಬೇಕು. ಹೇಳುವುದು ಕೇಳುವುದು ಇದ್ದರೆ ನಡುವೆ ಮಗಳಿದ್ದಾಳಲ್ಲ! ಊರಿನ ದೊಡ್ಡ ಮನೆಯಲ್ಲಿ ಇದು ನಡೆದೀತು. ಮುಂಬೈಯ ಘಾಟ್ಕೋಪರಿನಲ್ಲಿ, ಮಗಳು ಅಳಿಯನೊಡನೆ ಚಾಳಿನ ಒಂದೇ ಖೋಲಿಯಲ್ಲಿ ಹೇಗೆ ನಡೆಸಿದರೋ, ಆ ಶಿವನಿಗೇ ಗೊತ್ತು.

ಆ ಖೋಲಿಯಲ್ಲಾದರೂ ಮನುಷ್ಯರಿಗಿಂತ ಹೆಚ್ಚು ಜಾಗ ಇಂಜಿನ್ನಿಗೇ ಇತ್ತು. ಪೆಟ್ರೋಲಿನ ಬೆಲೆ ಕೈಗೆಟುಕದಂತಾದ ವರ್ಷ ಅದು. ಅಳಿಯ ಖಂಡಪ್ಪ ಓಡಿಸುತ್ತಿದ್ದ ಟ್ಯಾಕ್ಸಿಯನ್ನು ಅದರ ಮಾಲೀಕ ಮಾರಿಬಿಟ್ಟ, ಖಂಡಪ್ಪ ಮನೆಯಲ್ಲಿ ಕೂತ. ಸುಮ್ಮನೆ ಕೂರುವ ಜಾತಿಯಲ್ಲ ಅವನದು. ಒಡೆಯಲು ಹೊರಟಿದ್ದ ಹಳೆಯ ಮೋರಿಸ್ ಕಾರೊಂದನ್ನು ಭಂಗಾರದವನಿಂದ, ಅಂದರೆ ಗುಜರಿಯವನಿಂದ, ಬಿಡಿಸಿ ತಂದು ಚಾಳಿನ ಹಿಂದಿನ ಅಂಗಳದಲ್ಲಿ ನಿಲ್ಲಿಸಿದ. ವಿಕ್ರೋಳಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅವನ ಗೆಳೆಯ, ವಿಜಾಪುರದ ಸರ್ದಾರ ಎಂಬವನು, ಕೈ ಜೋಡಿಸಿದ. ಮಳೆಗಾಲವೆಲ್ಲ ಇಂಜಿನ್ನಿನ ಭಾಗಗಳು ಮಂಚದ ಕೆಳಗೆ, ಹಿಟ್ಟಿನ ಡಬ್ಬಿಯ ಮಗ್ಗುಲಲ್ಲಿ ಮಲಗಿದ್ದವು. ಮನೆಯ ರೊಟ್ಟಿಯೂ ಸೀಮೆಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಕುರ್ಲಾದ ಲೇತ್ ಅಂಗಡಿಯಲ್ಲಿ ಸಿಲಿಂಡರುಗಳನ್ನು ಕೊರೆಸಿ ಅಗಲ ಮಾಡಿಸಿ, ಮೊದಲಿಗಿಂತ ದಪ್ಪನೆಯ ಪಿಸ್ಟನ್ ಕೂಡಿಸಿ, ಇಂಜಿನ್ನನ್ನು ಮತ್ತೆ ಗಾಡಿಗೆ ಏರಿಸಿದರು. ಇಂಜಿನ್ನಿಗೆ ಹೊಸ ಕಸುವು ಬರಬೇಕು, ಗಾಡಿ ಟ್ಯಾಕ್ಸಿಯಾಗಬೇಕು, ಮನೆ ನಡೆಯಬೇಕು. ಖಂಡಪ್ಪನ ಲೆಕ್ಕ ಅಷ್ಟೇ.

ಆದರೆ ಚಾಳಿನ ಮಾಲೀಕ ಬೇಸತ್ತಿದ್ದ. ದಸರೆಯ ಮಧ್ಯಾಹ್ನ ಹನ್ನೆರಡರೊಳಗೆ ಗಾಡಿ ತನ್ನ ಬಲದಿಂದಲೇ ಗೇಟು ದಾಟಬೇಕು, ಇಲ್ಲದಿದ್ದರೆ ಮತ್ತೆ ಭಂಗಾರಕ್ಕೆ ಎಂದು ಹೇಳಿಕಳಿಸಿದ್ದ.

ದಸರೆಯ ಹಿಂದಿನ ದಿನ ಖಂಡೆ ಪೂಜೆ, ಅಂದರೆ ಆಯುಧಪೂಜೆ. ಅಂದು ಹತಾರ ಮುಟ್ಟುವಂತಿಲ್ಲ. ಗಡುವು ತಲೆಯ ಮೇಲಿದ್ದರೂ ಖಂಡಪ್ಪ ಮುಟ್ಟಲಿಲ್ಲ, ಅವನ ಮುಖ ನೋಡಿ ಸರ್ದಾರನೂ ಮುಟ್ಟಲಿಲ್ಲ. ಪಾನಾ, ಸುತ್ತಿಗೆಗಳ ಜೊತೆ, ಹಿಂದಿನ ರಾತ್ರಿಯೇ ಬಿಚ್ಚಿಟ್ಟಿದ್ದ ಇಂಜಿನ್ನಿನ ನಾಲ್ಕು ಪ್ಲಗ್ಗುಗಳನ್ನೂ ಹಲಗೆಯ ಮೇಲಿಟ್ಟು ವಿಭೂತಿ ಹಚ್ಚಿದರು. ಪ್ಲಗ್ಗು ಕೂರುವ ತೂತುಗಳಿಗೆ ಒಂದಿಷ್ಟು ಎಣ್ಣೆ ಬಿಟ್ಟು ಮೇಲೆ ಬಟ್ಟೆ ಹೊದಿಸಿದರು.

ಉಂಡು ಗಂಡಸರು ಹೊರಗೆ ಹೋದಾಗ ಹಾಲವ್ವ ಆರತಿ ಹಿಡಿದು ಅಂಗಳಕ್ಕೆ ಬಂದಳು. ಬಟ್ಟೆ ಸರಿಸಿದರೆ ಆಕಾಶ ನೋಡುತ್ತಿದ್ದ ನಾಲ್ಕು ಬಾಯಿ! ಅವಳ ಊರಲ್ಲಿ ಮನೆಗೆ ಬಾಗಿಲು ನಿಲ್ಲಿಸುವಾಗ ಹೊಸ್ತಿಲ ಕೆಳಗೆ ಒಂದು ಮುತ್ತು, ಒಂದು ಹವಳ ಹಾಕುತ್ತಾರೆ. ಮಗಳ ಬಾಳಿಗೆ ಇದೇ ಹೊಸ್ತಿಲು ಅನ್ನಿಸಿತು ಮುದುಕಿಗೆ. ಕೊರಳ ಸರದಿಂದ ಒಂದು ಹವಳ ಬಿಡಿಸಿ ಮೂರನೆಯ ತೂತಿಗೆ ಹಾಕಿ, ಕೈಮುಗಿದು, ಬಟ್ಟೆ ಮುಚ್ಚಿ ಬಂದಳು. ಆ ರಾತ್ರಿ ಸುಖವಾಗಿ ನಿದ್ದೆ ಮಾಡಿದಳು.

ದಸರೆಯ ದಿನ ಹೊತ್ತು ನೆತ್ತಿಗೇರುತ್ತಿದ್ದಂತೆ ಚಾಳಿನ ಮಾಲೀಕನ ಕಾರಭಾರಿ ಶೇಖರ ಭಂಗಾರದವನನ್ನೂ ಅವನ ಕೈಗಾಡಿಯನ್ನೂ ಕರೆತಂದು ನಿಂತ. ಮಂಗಳೂರ ಕಡೆಯವನು, ಕೆಟ್ಟವನಲ್ಲ. ಸುಂದ್ರವ್ವ ಗಾಡಿಗೆ ಚೆಂಡುಹೂವಿನ ಹಾರ ತರಲು ಸ್ಟೇಷನ್ ಕಡೆ ಹೋಗಿದ್ದಳು. ಸರ್ದಾರ ಕೊನೆಯ ಪ್ಲಗ್ಗು ಬಿಗಿಯುತ್ತಿದ್ದ.

"ಇಷ್ಟು ದಿವಸ ಎಂತ ಮಾಡಿದ್ದು ಮಾರಾಯ್ರೆ ನೀವು?" ಎಂದ ಶೇಖರ.

"ಸುಮ್ನ ಅಲ್ಲ ಭಾಯಿ," ಎಂದ ಸರ್ದಾರ. "ಪಿಸ್ಟನ್ ಅಷ್ಟು ಬಿಗಿ ಕೂಡಿಸೇವಿ. ಈಗ ಒಳಗ ಒಂದ್ ಉಸುಕಿನ ಹರಳು ಬಿದ್ರೂ ಖೇಲ್ ಖತಂ. ಒಂದ್ ಸುತ್ತು ತಿರುವಿದ್ರ ಎಲ್ಲಾ ಗೀಚಿ ಹಾಳಾಗತದ. ಇಂಥಾ ಪಿಸ್ಟನ್ ಇಡೀ ಮುಂಬೈದಾಗ ಇನ್ನೊಂದ್ ಜೋಡಿ ಸಿಗಂಗಿಲ್ಲ."

ಬಾಗಿಲ ಹಿಂದೆ ನಿಂತಿದ್ದ ಹಾಲವ್ವ ಕೊರಳ ಸರ ಮುಟ್ಟಿಕೊಂಡಳು. ಅಯ್ಯೋ ನನ್ನ ಹಣೆಬರಹವೇ! ಗೇಟಿನ ಕಡೆ ನೋಡಿದಳು, ಸುಂದ್ರವ್ವನ ಸುಳಿವಿಲ್ಲ. ಗೋಡೆಗೆ ಹೇಳುವಂತೆ, "ಯಾರರ ಹೇಳ್ರಿ... ಸ್ವಲ್ಪ ತಡೀರಂತ ಹೇಳ್ರಿ," ಎಂದಳು. ಆ ದನಿ ಅವಳ ಸೆರಗನ್ನೇ ದಾಟಲಿಲ್ಲ. ಧೈರ್ಯ ಮಾಡಿ ಅಂಗಳಕ್ಕಿಳಿದು ನಾಲ್ಕು ಹೆಜ್ಜೆ ಇಟ್ಟಳು. ಅತ್ತೆ ಬಂದದ್ದನ್ನು ಕಂಡ ಖಂಡಪ್ಪ, ಎಂಥ ಮರ್ಯಾದಸ್ಥ ನೋಡಿ, ತಟ್ಟನೆ ಬೆನ್ನು ತಿರುಗಿಸಿ ಗಾಡಿಯ ಆ ಮಗ್ಗುಲಿಗೆ ಹೋದ. ಅವಳು ಆ ಮಗ್ಗುಲಿಗೆ ಬಂದರೆ ಅವನು ಈ ಮಗ್ಗುಲಿಗೆ. ಹಾಲವ್ವನಿಗೆ ಅಳು ಬಂತು, ಸಿಟ್ಟೂ ಬಂತು.

ಖಂಡಪ್ಪ ಗಾಡಿಯ ಮೂತಿಗೆ ಹ್ಯಾಂಡಲ್ ತೂರಿಸಿ ಕಾಲು ಅಗಲಿಸಿ ನಿಂತ. "ಬಸವಣ್ಣಾ," ಎಂದು ಉಸಿರು ಬಿಗಿಹಿಡಿದ.

"ಖಂಡಪ್ಪಾ! ತಿರುವಬ್ಯಾಡ್ರಿ!"

ಇಡೀ ಚಾಳು ತಿರುಗಿ ನೋಡಿತು. ಹಾಲವ್ವ ಓಡಿಬಂದು ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದಿದ್ದಳು. ಸೆರಗು ಹೆಗಲಿಗೆ ಜಾರಿ ನರೆಗೂದಲು ಬಯಲಾಗಿತ್ತು.

"ಒಳಗ ನನ್ನ ಹವಳ ಐತಿ. ಪೂಜಾ ಮಾಡಿ ನಾನ ಹಾಕೇನಿ."

ಸರ್ದಾರ ತಲೆಯ ಮೇಲೆ ಕೈಹೊತ್ತು, "ಯಾ ಅಲ್ಲಾ!" ಎಂದ. ಖಂಡಪ್ಪನ ಮುಖ ಕೆಂಪಾಯಿತು. ಮೊದಲ ಸಲ ಅತ್ತೆಯ ಕಣ್ಣಿಗೆ ಕಣ್ಣಿಟ್ಟು ನೋಡಿದ.

"ಮೊದಲ ಹೇಳಬಾರದಿತ್ತೇನ್ರಿ?"

"ಹ್ಯಾಂಗ ಹೇಳ್ಲಿ? ಬಂದಾಗೊಮ್ಮೆ ಬೆನ್ನು ತೋರಸ್ತೀರಿ. ನಿಮ್ಮ ಬೆನ್ನಿಗೆ ಕಿವಿ ಅದಾವೇನು?"

ಖಂಡಪ್ಪ ಹ್ಯಾಂಡಲ್ ಬಿಟ್ಟು ಇಂಜಿನ್ನಿನ ಮೇಲೆ ಬಾಗಿದ. "ಯಾವ ತೂತು?" ಎಂದ.

ಹಾಲವ್ವ ಬೆರಳಿಟ್ಟು ತೋರಿಸಿದಳು. ಸರ್ದಾರ ಪ್ಲಗ್ಗು ಬಿಚ್ಚಿ ಕೈಬ್ಯಾಟರಿಯ ಬೆಳಕು ಬಿಟ್ಟ. ಆಳದಲ್ಲಿ, ಎಣ್ಣೆಯಲ್ಲಿ, ಕೆಂಪಗೆ ಕೂತಿತ್ತು. ಸೈಕಲ್ ಕಡ್ಡಿಯ ತುದಿಗೆ ಗ್ರೀಸು ಮೆತ್ತಿ ಇಳಿಬಿಟ್ಟರೆ ತಾಗಿ ಅಂಚಿಗೆ ಉರುಳಿತು. ಮತ್ತೊಮ್ಮೆ ಬಿಟ್ಟ, ಮತ್ತೆ ಜಾರಿತು.

"ಪಿಸ್ಟನ್ ಮ್ಯಾಲ ತರಬೇಕು ಖಂಡೂ. ಆದ್ರ ಒಂದ್ ಕೂದಲಷ್ಟು ಹೆಚ್ಚಾದ್ರ ಹವಳ ಪುಡಿ. ಪುಡಿ ಆದ್ರ ಮುಗೀತು."

ಸರ್ದಾರನ ಕೈಯಲ್ಲಿ ಕಡ್ಡಿ. ಖಂಡಪ್ಪನ ಕೈಯಲ್ಲಿ ಹ್ಯಾಂಡಲ್, ಅಲ್ಲಿಂದ ತೂತು ಕಾಣದು. ಬ್ಯಾಟರಿ ಹಿಡಿದು ಒಳಗೆ ಕಣ್ಣಿಟ್ಟವಳು ಹಾಲವ್ವ.

"ನೀವ ಹೇಳ್ರಿ ಅತ್ತಿ. ನಾ ತಿರುವತೀನಿ," ಎಂದ ಖಂಡಪ್ಪ.

"ಬಾರಾ ವಾಜಲೆ," ಎಂದು ಭಂಗಾರದವನು ಹನ್ನೆರಡಾದದ್ದನ್ನು ಸಾರಿದ. "ನೀ ಸುಮ್ಮನಿರು ಮಾರಾಯ," ಎಂದು ಶೇಖರ ಅವನನ್ನೇ ಗದರಿದ.

"ಇನ್ನಷ್ಟು," ಎಂದಳು ಹಾಲವ್ವ. ಹ್ಯಾಂಡಲ್ ಸರಿಯಿತು. "ಇನ್ನಷ್ಟು... ಸಾವಕಾಶ... ಇನ್ನೊಂಚೂರು..." ಹವಳ ಎಣ್ಣೆಯೊಡನೆ ಮೇಲೆ ಬಂತು, ತೂಗಾಡಿತು, ತೂತಿನ ಅಂಚಿಗೆ ಹತ್ತಿರವಾಯಿತು. "ನಿಂದರ್ರಿ! ಖಂಡಪ್ಪಾ, ನಿಂದರ್ರಿ!"

ಖಂಡಪ್ಪ ಕಲ್ಲಾದ. ಹೊರಳಲು ನೋಡುವ ಹ್ಯಾಂಡಲನ್ನು ತಡೆದ ಅವನ ತೋಳಿನ ನರಗಳು ಉಬ್ಬಿದ್ದವು. ಸರ್ದಾರ ಕಡ್ಡಿ ಇಳಿಸಿದ, ಒತ್ತಿದ, ಮೆಲ್ಲಗೆ ಎತ್ತಿದ. ಗ್ರೀಸಿನಲ್ಲಿ ಹೂತ ಹವಳ ಇಡಿಯಾಗಿ ಹೊರಗೆ ಬಂತು.

ಸರ್ದಾರ ಪ್ಲಗ್ಗು ಬಿಗಿದ. ಖಂಡಪ್ಪ ಹ್ಯಾಂಡಲ್ ತಿರುವಿದ, ಗಾಡಿ ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುವಿದ, ಮತ್ತೆ ಕೆಮ್ಮು. ಮೂರನೆಯ ಸಲ ಇಂಜಿನ್ನು ಗುಡುಗಿ, ಕಪ್ಪು ಹೊಗೆ ಉಗುಳಿ, ಗಡಗಡ ನಡುಗುತ್ತ ಚಾಲೂ ಆಗೇಬಿಟ್ಟಿತು. ಶೇಖರ ಕೈಗಾಡಿಯನ್ನು ತಾನೇ ದೂಡಿ ದಾರಿ ಬಿಟ್ಟ.

ಖಂಡಪ್ಪ ಮುಂದಿನ ಬಾಗಿಲು ತೆರೆದ. "ಹತ್ತ್ರಿ ಅತ್ತಿ."

"ನಾನಾ? ಸುಂದ್ರಿ ಬರ್ಲಿ ತಡೀರಿ."

"ನಿಮ್ಮನ್ನ ಹಿಂದ ಬಿಟ್ಟು ಹೋದ್ರ ಮತ್ತೆಲ್ಲಿ ಏನು ಹಾಕ್ತೀರೋ? ಮಗ್ಗಲಾಗ ಕೂತ್ರ ನನಗ ಧೈರ್ಯ."

ಹಾಲವ್ವ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಗಾಡಿ ಗೇಟು ದಾಟುವಾಗ ಸುಂದ್ರವ್ವ ಹಾರ ಹಿಡಿದು ಎದುರಿಗೆ ಬಂದಳು. ಗಂಡನ ಪಕ್ಕದಲ್ಲಿ ತಾಯಿ! ತಲೆಯ ಮೇಲೆ ಸೆರಗಿಲ್ಲ, ಮೈಮೇಲೆ ಎಚ್ಚರವಿಲ್ಲ, "ಇಷ್ಟ್ಯಾಕ ಜೋರು ಹೊಡೀತೀರಿ?" ಎಂದು ಅಳಿಯನಿಗೆ ಗದರುತ್ತಿದ್ದಾಳೆ. ಅವನೂ ತಿರುಗಿ ಏನೋ ಅನ್ನುತ್ತಿದ್ದಾನೆ. ಮಗಳು ಗಾಬರಿಯಾಗಿ ಕಿಟಕಿ ಹಿಡಿದಳು.

"ಯವ್ವಾ, ಏನಾತು? ಅವರಿಗೆ ಏನರ ಹೇಳಬೇಕೇನು?"

"ಏನೂ ಬ್ಯಾಡ. ನೀ ಹಿಂದ ಹತ್ತು," ಎಂದಳು ಹಾಲವ್ವ. "ನಾವು ಮಾತಾಡಾಕತ್ತೇವಿ."