ಮೂವತ್ತು ಸಲ ಹತ್ತುವ ಮೆಟ್ಟಿಲು

ಪುತ್ತೂರಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಯುವವಳು ರಸೀನಾ. ಎಕ್ಸ್‌ರೇ ಕೋಣೆ ಕೆಳಗೆ, ಡಾಕ್ಟರ್ ದೀಕ್ಷಿತಾ ಕೂರುವುದು ಮಹಡಿಯಲ್ಲಿ. ಎರಡೂ ಕಡೆ ಕಂಪ್ಯೂಟರ್ ಇದ್ದರೂ ಒಂದಕ್ಕೊಂದು ಸಂಪರ್ಕವಿರಲಿಲ್ಲ. ಪ್ರತಿ ಚಿತ್ರವನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡು ರಸೀನಾಳೇ ಮೇಲೆ ಒಯ್ಯಬೇಕು. ಕಳೆದ ವರ್ಷ ಸ್ಕೂಟರಿನಿಂದ ಬಿದ್ದು ಕಾಲಿನ ಗಂಟು ಮುರಿದ ಮೇಲೆ ಮೆಟ್ಟಿಲೆಂದರೆ ಅವಳಿಗೆ ಶಿಕ್ಷೆ. ಹೇಳಿದರೆ ಕೆಲಸ ಹೋದೀತೆಂದು ಯಾರಿಗೂ ಹೇಳಿರಲಿಲ್ಲ.

ಅದನ್ನು ಗಮನಿಸಿದವರು ರಾಧಾಕೃಷ್ಣ. ಸುಳ್ಯದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಂಡಿದ್ದು ನಿವೃತ್ತರಾದವರು. ಹೆಂಡತಿ ಮೋಹಿನಿಯ ಸೊಂಟದ ಎಕ್ಸ್‌ರೇಗೆ ಬಂದಿದ್ದರು. ನೋವಿನಿಂದ ಅಳುತ್ತಿದ್ದ ಮೋಹಿನಿಯನ್ನು ರಸೀನಾ ತುಳುವಿನಲ್ಲಿ ಮಾತಾಡಿಸಿ, ನಗಿಸಿಯೇ ಚಿತ್ರ ತೆಗೆದಳು. ಆಮೇಲೆ ಕಂಬಿ ಹಿಡಿದು, ಪ್ರತಿ ಮೆಟ್ಟಿಲಿಗೂ ಎರಡೂ ಪಾದ ಊರಿ ಹತ್ತಿದಳು.

ಅವಳು ಇಳಿದು ಬಂದಾಗ ರಾಧಾಕೃಷ್ಣ ಕೇಳಿದರು, "ದಿನಕ್ಕೆ ಎಷ್ಟು ಸಲ ಹತ್ತುದು ನೀವು?"

"ಮೂವತ್ತು ಸಲ ಆಗ್ತದೆ ಅಣ್ಣ."

"ಎಂತ ಮಾರಾಯ್ರೆ! ಡಾಕ್ಟರಲ್ಲಿಯೂ ನೋಡಿದೆ, ಎರಡೂ ಕಂಪ್ಯೂಟರ್ ಓಡುದು ಲಿನಕ್ಸಿನಲ್ಲೇ. ನಡುವೆ ಒಂದು ವೈರ್ ಎಳೆದರೆ ಆಯ್ತು."

ಡಾಕ್ಟರನ್ನು ಒಪ್ಪಿಸಿ, ಭಾನುವಾರ ಬೆಳಿಗ್ಗೆ ಸುಳ್ಯದಿಂದ ಬಸ್ಸಿನಲ್ಲಿ ವೈರಿನ ಸುರುಳಿ ಹೊತ್ತು ಬಂದರು. ಕೆಳಗಿನ ಕಂಪ್ಯೂಟರಿನ ಒಂದು ಫೋಲ್ಡರ್ ಮೇಲಿನದರಲ್ಲೂ ತೆರೆಯುವಂತೆ ಮಾಡಿದರು. ರೋಗಿಗಳ ಚಿತ್ರ ಬೇರೆ ಯಾರಿಗೂ ಕಾಣಬಾರದೆಂದು ಮೇಲಿನ ಕಂಪ್ಯೂಟರಿನ ವಿಳಾಸಕ್ಕೆ ಮಾತ್ರ ಅನುಮತಿ ಬರೆದರು.

ಚಿತ್ರಗಳೇನೋ ಮೇಲೆ ಕಂಡವು. ಆದರೆ ದೀಕ್ಷಿತಾ ಆ ಫೋಲ್ಡರಿನಲ್ಲಿ ವರದಿ ಉಳಿಸಲು ಹೋದರೆ ಅನುಮತಿ ಇಲ್ಲವೆಂದು ಬಂತು. ಎರಡು ಗಂಟೆ ತಡಕಾಡಿದರೂ ಅದೇ ಉತ್ತರ. ಹೀಗಾದರೆ ವರದಿ ತರಲು ರಸೀನಾ ಮತ್ತೆ ಮೆಟ್ಟಿಲು ಹತ್ತಲೇಬೇಕಿತ್ತು.

"ಬಿಡಿ ಅಣ್ಣ, ನನಗೆ ಹತ್ತಿ ಅಭ್ಯಾಸ ಆಗಿದೆ," ಎಂದಳು ರಸೀನಾ.

"ನಿಮ್ಮ ಕಾಲು ಹಾಗೆ ಹೇಳುದಿಲ್ಲ," ಎಂದರು ರಾಧಾಕೃಷ್ಣ.

ದೀಕ್ಷಿತಾ ತಟ್ಟನೆ ರಸೀನಾಳ ಕಾಲು ನೋಡಿದರು. "ಕಾಲಿಗೆ ಎಂತಾಯ್ತು? ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?" ಅವರ ದನಿಯಲ್ಲಿ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಿತ್ತು. ಅಲ್ಲೇ ಕುಳ್ಳಿರಿಸಿ ಕಾಲನ್ನು ಪರೀಕ್ಷಿಸತೊಡಗಿದರು.

ಅಷ್ಟರಲ್ಲಿ ರಾಧಾಕೃಷ್ಣ ಜೋರಾಗಿ ನಕ್ಕರು. "ಸಿಕ್ಕಿತು! ಎರಡು ಕಡೆಯೂ ಬಳಕೆದಾರರ ಹೆಸರು ಒಂದೇ, ಆದ್ರೆ ಆ ಹೆಸರಿಗೆ ಕಂಪ್ಯೂಟರ್ ಒಳಗೆ ಕೊಟ್ಟ ನಂಬರ್ ಬೇರೆ. ಇದು ಹೆಸರು ನೋಡುದಿಲ್ಲ, ನಂಬರ್ ಮಾತ್ರ ನೋಡುದು." ಮೇಲಿನ ನಂಬರನ್ನು ಕೆಳಗಿನದಕ್ಕೆ ಸರಿಹೊಂದಿಸಿದರು. ದೀಕ್ಷಿತಾ ಮೇಲೆ ಬರೆದ ವರದಿ ಕೆಳಗೆ ತೆರೆದುಕೊಂಡಿತು.

"ಇದಕ್ಕೆ ನಾನು ಹೇಗೆ ಉಪಕಾರ ಹೇಳುದು ಅಣ್ಣ?" ಎಂದಳು ರಸೀನಾ.

"ಮೋಹಿನಿಯನ್ನು ನೀವು ನೋಡಿಕೊಂಡದ್ದಕ್ಕೆ ನಾನು ಎಂತ ಹೇಳಿದ್ದೇನೆ? ಏನೂ ಇಲ್ಲ," ಎಂದು ಅವರು ಚೀಲ ಹೆಗಲಿಗೇರಿಸಿದರು.

ಮರುದಿನ ಸಂಪಾಜೆಯಿಂದ ಪೂವಮ್ಮ ಎಂಬ ಮುದುಕಿ ಬಂದರು. ಬಚ್ಚಲಲ್ಲಿ ಜಾರಿ ಬಿದ್ದು ಕೈ ಊದಿತ್ತು. ಚಿತ್ರ ತೆಗೆದಾದ ಮೇಲೂ ಅವರು ರಸೀನಾಳ ಸೆರಗು ಬಿಡಲಿಲ್ಲ. ರಸೀನಾ ಪಕ್ಕದಲ್ಲೇ ಕೂತಳು. ಮೇಲಿನಿಂದ ಫೋನ್ ಬಂತು: "ನೋಡಿದೆ ರಸೀನಾ. ಮುರಿದಿಲ್ಲ ಅಂತ ಹೇಳಿ ಅಜ್ಜಿಗೆ."

ಸಂಜೆ ರಸೀನಾ ರಾಧಾಕೃಷ್ಣರಿಗೆ ಫೋನ್ ಮಾಡಿದಳು. "ಅಣ್ಣ, ಇವತ್ತು ಒಂದೇ ಸಲ ಮೇಲೆ ಹೋದದ್ದು. ಅದೂ ಡಾಕ್ಟರ್ ಚಾ ಕುಡಿಲಿಕ್ಕೆ ಕರೆದದ್ದಕ್ಕೆ." ಹೇಳುತ್ತಲೇ ಅವಳಿಗೆ ಅಳು ಬಂತು. ಅವರು ಫೋನಿಡದೆ, ಅವಳು ಸುಧಾರಿಸಿಕೊಳ್ಳುವವರೆಗೂ ತುಳುವಿನಲ್ಲಿ ಮಾತಾಡಿಸಿದರು.