ಏಳು ನಿಮಿಷದ ಸಾಕ್ಷಿ

ಮಾನವ ಹಕ್ಕುಗಳ ಸಾಕ್ಷ್ಯಚಿತ್ರೋತ್ಸವದ ಜ್ಯೂರಿಯಲ್ಲಿ ಇದ್ದವರು ಮೂರೇ ಜನ. ಅಧ್ಯಕ್ಷರು ಒಬ್ಬ ಹಿರಿಯ ಛಾಯಾಗ್ರಾಹಕರು, ಅವರಿಗೆ ಎಡಗಿವಿ ಕೇಳಿಸದು. ಎರಡನೆಯವರು ಕಾನೂನು ಕಾಲೇಜಿನ ಪ್ರೊಫೆಸರ್. ಮೂರನೆಯವಳು ಮೂವತ್ತೆರಡು ವರ್ಷ ಸಿನಿಮಾ ಸಂಕಲನ ಮಾಡಿದ ಹೆಂಗಸು. ಎಲ್ಲರಿಗೂ ಅವಳು ಎಡಿಟರಮ್ಮ.

"ನನಗೆ ಕಣ್ಣಿದೆ, ಎಡಿಟರಮ್ಮನಿಗೆ ಕಿವಿಯಿದೆ, ಪ್ರೊಫೆಸರಿಗೆ ಬಾಯಿದೆ. ಮೂವರೂ ಸೇರಿದ್ರೆ ಒಬ್ಬ ಪೂರ್ತಿ ಮನುಷ್ಯ" ಎಂದು ಅಧ್ಯಕ್ಷರು ಮೊದಲ ದಿನವೇ ನಗಿಸಿದ್ದರು. ಆಮೇಲೆ ಮೂವರೂ ಒಂದು ಹಾಳೆಗೆ ಸಹಿ ಹಾಕಿದ್ದರು: ಸ್ಪರ್ಧೆಯ ಯಾವ ಚಿತ್ರದಲ್ಲೂ ನಮ್ಮ ಸಂಬಂಧಿಕರಿಲ್ಲ.

ಗುರುವಾರ ಬೆಳಿಗ್ಗೆ ಜೈಲಿನ ಚಿತ್ರ ಬಂತು. ಹಿಂದಿನ ದಿನ ತುಂಬಿದ ಸಭಾಂಗಣದಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದ ಚಿತ್ರ ಅದು. ವಿಚಾರಣೆಗೆಂದು ಒಳಗಿಟ್ಟಿದ್ದ ಒಬ್ಬ ವೆಲ್ಡರ್ ಜೈಲಿನಲ್ಲೇ ಸತ್ತಿದ್ದ. ಎದೆನೋವು ಎಂದು ದಾಖಲೆ ಹೇಳುತ್ತಿತ್ತು. ಅವನ ತಾಯಿ, ಹೊಲಿಗೆ ಕೆಲಸದವಳು, ಮಗನ ಮೈಮೇಲಿನ ಗಾಯಗಳನ್ನು ಒಂದೊಂದಾಗಿ ಬೆರಳು ಮಡಚಿ ಹೇಳುತ್ತಿದ್ದಳು. ಅವಳ ಮಾತು ಮುಗಿದ ಮೇಲೆ ಒಬ್ಬ ಗಂಡಸಿನ ನೆರಳು. ಮುಖ ಕತ್ತಲಲ್ಲಿ. ದನಿಯನ್ನು ಯಂತ್ರದಿಂದ ದಪ್ಪ ಮಾಡಿದ್ದರು.

"ಏನಂದ್ರೆ ಏನಂದ್ರೆ, ಅವನ ನಾಡಿ ನಾನೇ ಹಿಡಿದು ನೋಡಿದೆ. ಬಡ್ಕೊಳ್ತಿತ್ತು. ಬದುಕಿದ್ದ. ಏನಂದ್ರೆ, ಸತ್ತ ಅಂತ ಎರಡು ಗಂಟೆ ಮೊದಲೇ ಬರೆಸಿಬಿಟ್ಟಿದ್ರು. ದೊಡ್ಡ ಆಸ್ಪತ್ರೆಗೆ ಸಾಗಿಸೋಣ ಸಾರ್ ಅಂದೆ. ಬರೆದಾಗಿದೆಯಲ್ಲ, ಇನ್ನೇನು ಸಾಗಿಸ್ತೀಯ ಅಂದ್ರು."

ಎಡಿಟರಮ್ಮ ಕುರ್ಚಿಯಲ್ಲಿ ನೆಟ್ಟಗಾದಳು. ದನಿ ದಪ್ಪಗಾದರೇನು, ಮಾತಿನ ನಡೆ ಎಲ್ಲಿ ಹೋಗುತ್ತದೆ? ಎರಡು ಸಲ 'ಏನಂದ್ರೆ', ಆಮೇಲೆ ಉಗುಳು ನುಂಗುವಷ್ಟು ಬಿಡುವು, ಆಮೇಲೆ ಸರಸರನೆ ವಾಕ್ಯ. ಹದಿನಾರು ವರ್ಷದಿಂದ ಮನೆಯ ಊಟದ ಮೇಜಿನಲ್ಲಿ ಕೇಳಿದ ಮಾತು. ಅವಳ ತಂಗಿಯ ಗಂಡ ಜೈಲಿನ ಆಸ್ಪತ್ರೆಯಲ್ಲಿ ಕಂಪೌಂಡರ್. ಇದನ್ನು ಅವನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ತನಗೆ ಗೊತ್ತಾಗಿದ್ದು ಜೈಲಿನಲ್ಲಿ ದಿನವೂ ಅವನ ಜೊತೆ ಕೂತು ಟೀ ಕುಡಿಯುವವರಿಗೆ ಗೊತ್ತಾಗದೆ ಇರುತ್ತದೆಯೇ?

ದೀಪ ಹಚ್ಚಿದಾಗ ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತಿದ್ದರು. "ಇನ್ನು ಚರ್ಚೆ ಯಾಕೆ? ಮೊದಲ ಬಹುಮಾನ ಇದಕ್ಕೇ. ಗೆದ್ದ ಚಿತ್ರ ಅಂತ ಭಾನುವಾರ ಟೀವಿಯಲ್ಲಿ ಇಡೀ ದೇಶ ನೋಡಲಿ."

"ಆ ಸಾಕ್ಷಿಗೆ ಅಪಾಯ ಆಗುತ್ತೆ" ಎಂದಳು ಎಡಿಟರಮ್ಮ. "ಗುರುತು ಸಿಗುತ್ತೆ. ಆ ಭಾಗ ತೆಗೆಸೋಣ."

ಪ್ರೊಫೆಸರ್ ಕನ್ನಡಕ ತೆಗೆದರು. "ಯಾರಿಗೆ ಸಿಗುತ್ತೆ? ನಿಮಗೆ ಸಿಕ್ತಾ?"

ಅವಳು ನಾಲಿಗೆ ಕಚ್ಚಿಕೊಂಡಳು. ಹೌದು ಎಂದರೆ ಅವನು ಯಾರೆಂದು ಇವರಿಬ್ಬರಿಗೂ ತಿಳಿಯುತ್ತದೆ.

"ಇಲ್ಲ. ಸುಮ್ಮನೆ ಹೇಳಿದೆ."

"ಆ ಏಳು ನಿಮಿಷ ತೆಗೆದರೆ ಚಿತ್ರದಲ್ಲಿ ಉಳಿಯೋದು ಬರೀ ಅಳು. ಕೋರ್ಟು ಅಳು ಕೇಳಲ್ಲ, ಸಾಕ್ಷಿ ಕೇಳುತ್ತೆ. ನಿಮಗ್ಯಾಕೆ ಇಷ್ಟು ಪುಕ್ಕಲು?" ಎಂದರು ಪ್ರೊಫೆಸರ್.

ಮಧ್ಯಾಹ್ನ ಅವಳು ತಂಗಿಯ ಮನೆಗೆ ಓಡಿದಳು. ತಂಗಿ ಕೆಳಗಿನ ಕೋಣೆಯಲ್ಲಿ ಮಕ್ಕಳಿಗೆ ಲೆಕ್ಕದ ಪಾಠ ಹೇಳುತ್ತಿದ್ದಳು. "ಇದೇನೇ ಅಕ್ಕ, ದಾರಿ ತಪ್ಪಿ ಬಂದೆಯಾ? ಅವರು ಮೇಲಿದಾರೆ ನೋಡು, ಬಟ್ಟೆ ತೆಗೀತಿದಾರೆ" ಎಂದು ಸೀಮೆಸುಣ್ಣದ ಕೈಯಲ್ಲೇ ಮೆಟ್ಟಿಲು ತೋರಿಸಿದಳು.

ತಾರಸಿಯ ಮೇಲೆ ಕಂಪೌಂಡರ್ ಒಣಗಿದ ಅಂಗಿಗಳನ್ನು ಮಡಚುತ್ತಿದ್ದ.

"ಆ ಚಿತ್ರದಲ್ಲಿ ನೀವಿದ್ದೀರಿ" ಎಂದಳು.

ಅವನ ಕೈಯಿಂದ ಅಂಗಿ ಜಾರಿತು. "ದನಿ ಬದಲಾಯಿಸ್ತೀವಿ ಅಂದಿದ್ರು."

"ಬದಲಾಯಿಸಿದಾರೆ. ಆದ್ರೂ ನನಗೆ ಗೊತ್ತಾಯ್ತು."

ಅವನು ನೀರಿನ ಟ್ಯಾಂಕಿಗೆ ಒರಗಿ ಕುಕ್ಕರಿಸಿದ. "ನಿಲ್ಲಿಸಿ ಅಕ್ಕ. ನಿಮ್ಮ ದಮ್ಮಯ್ಯ ಅಂತೀನಿ. ಹೇಗಾದ್ರೂ ಮಾಡಿ ಬಹುಮಾನ ತಪ್ಪಿಸಿ. ಮಗಳಿಗೆ ಇನ್ನೂ ಹನ್ನೆರಡು."

"ನನ್ನ ತಂಗಿಗೆ ಗೊತ್ತಾ?"

"ಇಲ್ಲ. ಹೇಳಬೇಡಿ."

ಅವಳು ಗೇಟಿನವರೆಗೆ ಹೋಗಿದ್ದಳು. ಅವನು ಚಪ್ಪಲಿಯಿಲ್ಲದೆ ಓಡಿ ಬಂದ. "ಬೇಡ ಅಕ್ಕ. ತಪ್ಪಿಸಬೇಡಿ. ಆ ತಾಯಿ ಮೂರು ಸಲ ಜೈಲಿನ ಬಾಗಿಲಿಗೆ ಬಂದು ನನ್ನ ಕೇಳಿದ್ಳು, ನನ್ನ ಮಗ ಹೇಗೆ ಹೋದ ಅಂತ. ಮೂರು ಸಲವೂ ಗೊತ್ತಿಲ್ಲ ಅಂದೆ. ನಾಲ್ಕನೇ ಸಲ ಹಾಗನ್ನೋಕೆ ನನ್ನ ಕೈಲಾಗಲಿಲ್ಲ. ಆ ಚಿತ್ರ ನಿಂತರೆ ಅವಳಿಗೆ ಏನೂ ಉಳಿಯಲ್ಲ."

ಎಡಿಟರಮ್ಮ ತಾನು ಬಲ್ಲ ಒಂದೇ ಕೆಲಸ ಮಾಡಿದಳು. ಚಿತ್ರದ ನಿರ್ದೇಶಕಿಯನ್ನು ಹಿಡಿದು, ಆ ದನಿಯನ್ನು ಬದಲಿಸಲು ಒಪ್ಪಿಸಿದಳು. ಹುಡುಗಿ ಮೊದಲು ಜಗಳವಾಡಿದಳು, ಆಮೇಲೆ ಅತ್ತಳು, ಆಮೇಲೆ ಹಾರ್ಡ್ ಡಿಸ್ಕ್ ತಂದುಕೊಟ್ಟಳು. ಶುಕ್ರವಾರವಿಡೀ ಎಡಿಟರಮ್ಮ ಎಡಿಟಿಂಗ್ ಕೋಣೆಯಲ್ಲಿ ಕೂತು ಆ ಏಳು ನಿಮಿಷದಿಂದ ಇಪ್ಪತ್ಮೂರು 'ಏನಂದ್ರೆ'ಗಳನ್ನು ಕತ್ತರಿಸಿದಳು. ಕತ್ತರಿಸಿದ ಮೇಲೂ ಆ ಬಿಡುವುಗಳಲ್ಲಿ ಅವನೇ ಇದ್ದ. ಕೊನೆಗೆ ದನಿಯನ್ನೇ ತೆಗೆದು, ಅದೇ ಮಾತನ್ನು ಒಬ್ಬ ನಟನಿಂದ ಓದಿಸಿದಳು. ಭಾನುವಾರ ಟೀವಿಯಲ್ಲಿ ಬರುವುದು ಇದೇ ಎಂದು ನಿರ್ದೇಶಕಿಯಿಂದ ಮಾತು ತೆಗೆದುಕೊಂಡಳು. ಶನಿವಾರ ಮೊದಲ ಬಹುಮಾನಕ್ಕೆ ಮತ ಹಾಕಿದಳು. ಸಂಬಂಧಿಕರಿಲ್ಲ ಎಂಬ ಹಾಳೆ ಅಧ್ಯಕ್ಷರ ಫೈಲಿನಲ್ಲಿ ತೆಪ್ಪಗಿತ್ತು.

ಆದರೆ ಬುಧವಾರ ಜನ ನೋಡಿದ್ದನ್ನು ಯಾವ ಕತ್ತರಿ ಕತ್ತರಿಸೀತು? ಆವತ್ತು ಯಾರೋ ಆ ಭಾಗವನ್ನು ಫೋನಿನಲ್ಲಿ ಹಿಡಿದಿದ್ದರು. ಅದು ಕೈಯಿಂದ ಕೈಗೆ ಹೋಗಿ ಜೈಲಿನ ಟೀ ಅಂಗಡಿಗೂ ತಲುಪಿತ್ತು.

ಭಾನುವಾರ ಸಂಜೆ ಐದಕ್ಕೆ ಸಮಾರಂಭ. ವೇದಿಕೆಯ ಪಕ್ಕದಲ್ಲಿ ನಿಂತಿದ್ದಾಗ ತಂಗಿಯ ಫೋನ್ ಬಂತು.

"ಅಕ್ಕ, ಇವರು ಡ್ಯೂಟಿ ಮುಗಿಸಿ ಬಂದೇ ಇಲ್ಲ ಕಣೇ. ಹನ್ನೊಂದಕ್ಕೇ ಹೊರಟರಂತೆ. ಗೇಟಿನ ಹತ್ತಿರ ಇಬ್ಬರು ಮಾತಾಡಬೇಕು ಅಂತ ಬೂದು ಬಣ್ಣದ ಜೀಪಿಗೆ ಹತ್ತಿಸಿದರಂತೆ. ಸ್ಟೇಷನ್ನಲ್ಲಿ ನಮಗೆ ಗೊತ್ತಿಲ್ಲ ಅಂತಾರೆ. ಏನಾಗ್ತಿದೆ ಅಕ್ಕ? ಇವರು ಇರುವೆ ತುಳಿಯದ ಮನುಷ್ಯ."

ಮೈಕಿನಲ್ಲಿ ಅವಳನ್ನು ಕರೆದರು. ಬಹುಮಾನ ಘೋಷಿಸುವ ಸರದಿ ಅವಳದು. ಎದುರಿಗೆ ಆರು ಕ್ಯಾಮರಾ. ಮೊದಲ ಸಾಲಿನಲ್ಲಿ ವೆಲ್ಡರನ ತಾಯಿ, ಮಡಿಲಲ್ಲಿ ಕೈಚೀಲ ಬಿಗಿಹಿಡಿದು.

ಇಷ್ಟು ದಿನ ಅವನನ್ನು ಮುಚ್ಚಿಡಲು ಹೆಣಗಿದ್ದಳು. ಈಗ ಮುಚ್ಚಿಟ್ಟಷ್ಟೂ ಅವನನ್ನು ಹಿಡಿದವರಿಗೇ ಅನುಕೂಲ. ಯಾರಿಗೂ ಗೊತ್ತಿಲ್ಲದ ಮನುಷ್ಯ ಯಾರಿಗೂ ಗೊತ್ತಾಗದ ಹಾಗೆ ಇಲ್ಲವಾಗಬಹುದು. ಅದಕ್ಕೂ ಎರಡು ಗಂಟೆ ಮೊದಲೇ ಏನೋ ಬರೆದಿಡಬಹುದು.

ಲಕೋಟೆ ಒಡೆಯಲಿಲ್ಲ. ಅವನ ಪೂರ್ತಿ ಹೆಸರು ಹೇಳಿದಳು. ಕೆಲಸ ಹೇಳಿದಳು. "ಜೈಲಿನ ಚಿತ್ರದ ಸಾಕ್ಷಿ ಇವರೇ. ನನ್ನ ತಂಗಿಯ ಗಂಡ. ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಜೈಲಿನ ಗೇಟಿನಿಂದ ಬೂದು ಜೀಪಿನಲ್ಲಿ ಕರೆದುಕೊಂಡು ಹೋಗಿದಾರೆ. ಹೋಗುವಾಗ ಮೈಮೇಲೆ ಒಂದು ಗಾಯವೂ ಇರಲಿಲ್ಲ. ನೀವೆಲ್ಲ ಕೇಳಿಸಿಕೊಂಡಿದ್ದೀರಿ. ಮರೀಬೇಡಿ."

"ಏನಂದ್ರು? ಏನಂತ ಹೇಳಿದ್ರು?" ಎಂದು ಅಧ್ಯಕ್ಷರು ಪಕ್ಕದವರನ್ನು ಕೇಳುತ್ತಿದ್ದರು. ವೆಲ್ಡರನ ತಾಯಿ ಎದ್ದು ನಿಂತಳು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಹಾಗೇ ನಿಂತಿದ್ದಳು.

ಒಂದು ಗಂಟೆಯೊಳಗೆ ಬಹುಮಾನ ರದ್ದಾಯಿತು. ಆದೇಶ ಬರೆದವರು ಪ್ರೊಫೆಸರ್. "ನಿಮ್ಮ ಸಂಕಟ ಅರ್ಥವಾಗುತ್ತೆ" ಎಂದರು ಅವಳ ಮುಖ ನೋಡದೆ. "ಆದರೆ ಹಾಕಿದ ಸಹಿ ಸುಳ್ಳು ಅಂತ ಗೊತ್ತಾದ ಮೇಲೂ ಜ್ಯೂರಿಯಲ್ಲಿ ಕೂತಿರಿ. ಗುರುವಾರವೇ ಎದ್ದು ಹೋಗಿದ್ದಿದ್ದರೆ ಆ ಚಿತ್ರ ನ್ಯಾಯವಾಗಿ ಗೆಲ್ಲುತ್ತಿತ್ತು." ನಿರ್ದೇಶಕಿ ಅವಳನ್ನು ದಾಟಿ ಹೋದಳು, ತಿರುಗಿ ನೋಡಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಕಂಪೌಂಡರನನ್ನು ಬಸ್ ನಿಲ್ದಾಣದಲ್ಲಿ ಇಳಿಸಿ ಹೋದರು. ಬದುಕಿದ್ದ. ಮುಂದಿನ ಎರಡು ಹಲ್ಲು ಇರಲಿಲ್ಲ. ಬಲಗೈ ಬೆರಳು ಬಾತು ಮಡಚಲು ಬರುತ್ತಿರಲಿಲ್ಲ.

ಆಸ್ಪತ್ರೆಯ ಹಾಸಿಗೆಯ ಪಕ್ಕ ಕೂತಿದ್ದ ತಂಗಿ ಅಕ್ಕನನ್ನು ಕಂಡು ಏಳಲಿಲ್ಲ.

"ನೀನು ಹೆಸರು ಹೇಳಿದ್ದಕ್ಕೇ ಬಿಟ್ರು ಅಂತ ಎಲ್ಲರೂ ಅಂತಾರೆ. ಇರಬಹುದು" ಎಂದಳು. "ಆದ್ರೆ ನಿನಗೆ ಗುರುವಾರವೇ ಗೊತ್ತಿತ್ತು. ನನ್ನ ಮನೆ ಮೆಟ್ಟಿಲು ಹತ್ತಿ ಇಳಿದು ಹೋದೆ. ನನಗೊಂದು ಮಾತು ಹೇಳಿದ್ರೆ ಅವತ್ತೇ ಇವರನ್ನ ಊರು ಬಿಡಿಸ್ತಿದ್ದೆ."

"ಹೇಳಬೇಡಿ ಅಂದಿದ್ರು ಕಣೇ..."

"ಅವರು ಅಂದ್ರು. ನೀನು ನನಗೆ ಅಕ್ಕ ಅಲ್ವಾ?"

ತಂಗಿ ಹಾಸಿಗೆಯ ಸುತ್ತ ಪರದೆ ಎಳೆದಳು.

ಎಡಿಟರಮ್ಮ ಹೊರಗಿನ ಬೆಂಚಿನ ಮೇಲೆ ಕೂತಳು. ಎಷ್ಟೋ ಹೊತ್ತಿನ ಮೇಲೆ ವೆಲ್ಡರನ ತಾಯಿ ಬಂದು ಪಕ್ಕದಲ್ಲಿ ಕೂತಳು. ಒಳಗೆ ಹೋಗಲು ಅವಳಿಗೂ ಧೈರ್ಯವಿರಲಿಲ್ಲ.

"ಮುಂದಿನ ತಿಂಗಳು ಕೋರ್ಟಿದೆ" ಎಂದಳು ಮೆಲ್ಲಗೆ. "ಕೇಳಬಾರದು ಅಂತ ಗೊತ್ತು. ಆದ್ರೂ ಕೇಳ್ತೀನಿ. ಅವರು ಬರ್ತಾರಾ?"

"ಗೊತ್ತಿಲ್ಲಮ್ಮ."

ಒಳಗೆ ಪರದೆಯಾಚೆ ಯಾರೋ ಕೆಮ್ಮಿದರು. ಇಬ್ಬರು ಹೆಂಗಸರೂ ತಲೆ ಎತ್ತಿ ಆ ಕಡೆ ನೋಡಿದರು. ಯಾರೂ ಕರೆಯಲಿಲ್ಲ.