ಭಯ ಕತ್ತರಿಸುವ ಶುಕ್ರವಾರ

ದೋನಾ ಬಿಯು ಅಡುಗೆಮನೆಯ ದೊಡ್ಡ ಚಾಕು ಹಿಡಿದು ಹೊರಗೆ ಬಂದಾಗ, ಸೊಸೆ ಎಡಿಲೇನೆ ಮಗಳನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತಿದ್ದಳು.

"ಇಳಿಸೇ ಕೂಸನ್ನ. ನಾನು ಕಡಿಯೋದು ಭಯಾನ, ನಿನ್ನ ಮಗಳನ್ನಲ್ಲ."

ನಡೆಯಲು ತಡಮಾಡುವ ಮಕ್ಕಳಿಗೆ ಆ ಊರಲ್ಲಿ ಮೂರು ಶುಕ್ರವಾರ ಹೀಗೇ ಮಾಡುತ್ತಾರೆ. ತಾಯಿ ಕೂಸಿನ ಕೈ ಹಿಡಿದು ನಡೆಸಬೇಕು. ಅಜ್ಜಿ ಬೆನ್ನ ಹಿಂದೆ ಬಾಗಿ, ಹೆಜ್ಜೆ ಬಿದ್ದಲ್ಲೆಲ್ಲ ಚಾಕುವಿನಿಂದ ನೆಲ ಗೀರುತ್ತ ಬರಬೇಕು. ಏನು ಕತ್ತರಿಸುತ್ತಿದ್ದೀರಿ ಎಂದು ತಾಯಿ ಕೇಳಬೇಕು. ಇವಳ ಭಯವನ್ನು ಎಂದು ಅಜ್ಜಿ ಹೇಳಬೇಕು.

ಐಲಾಳಿಗೆ ಒಂದೂವರೆ ವರ್ಷವಾಗುತ್ತ ಬಂದಿತ್ತು. ಕೈ ಬಿಟ್ಟರೆ ತೂರಾಡಿ ಕುಸಿಯುತ್ತಿದ್ದಳು. ಐಲಾ ಹೊಟ್ಟೆಯಲ್ಲಿ ಮೂರು ತಿಂಗಳಾಗಿದ್ದಾಗ ಎಡಿಲೇನೆಯ ಮೈತುಂಬ ಕೆಂಪು ಗುಳ್ಳೆ ಎದ್ದಿತ್ತು, ಸಣ್ಣಗೆ ಜ್ವರ ಬಂದಿತ್ತು. ಸೀಗಡಿ ಒಗ್ಗಲಿಲ್ಲ ಎಂದು ಎಲ್ಲರೂ ನಕ್ಕಿದ್ದರು. ಆಮೇಲೆ ಟೀವಿಯಲ್ಲಿ ಸೊಳ್ಳೆ, ಅದು ತರುವ ಝೀಕಾ ಜ್ವರ, ಬಸಿರಲ್ಲೇ ಅದು ತಗುಲಿ ಹುಟ್ಟಿದ ಸಣ್ಣ ತಲೆಯ ಕೂಸುಗಳು ಬಂದವು. ಉಳಿದ ತಿಂಗಳುಗಳನ್ನು ಹೇಗೆ ಕಳೆದಳೋ ಅವಳಿಗೇ ನೆನಪಿಲ್ಲ. ಹೆರಿಗೆಯಾದಾಗ ದಾದಿ ಐಲಾಳ ತಲೆಗೆ ಟೇಪು ಸುತ್ತಿ ಸರಿಯಾಗಿದೆ ಎಂದಳು, ಕಿವಿಗೆ ಯಂತ್ರ ಇಟ್ಟು ಅದೂ ಸರಿ ಎಂದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕೂಸು ನಡೆಯಲಿಲ್ಲ, ಡಾಕ್ಟರು ಕಾಯಿರಿ ಎನ್ನುತ್ತಲೇ ಇದ್ದರು. ಏನಕ್ಕೆ ಕಾಯಬೇಕೆಂದು ಯಾರೂ ಹೇಳಲಿಲ್ಲ.

ಪಕ್ಕದ ಮನೆಯ ಜೋಸಿನೇಯ್ಡೆ ತನ್ನ ಮಗ ನಿಕೋಲಸ್‌ನನ್ನು ಎತ್ತಿಕೊಂಡು ನೋಡಲು ಬಂದಳು. ಅವನದು ಸಣ್ಣ ತಲೆ. ಅಂಥ ಮಕ್ಕಳನ್ನು ವಾರಕ್ಕೊಮ್ಮೆ ರೆಸೀಫೆ ನಗರದ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವ ವ್ಯಾನಿನಲ್ಲಿ ಎಡಿಲೇನೆಯೂ ಒಮ್ಮೆ ಜಾಗ ಕೇಳಿದ್ದಳು. "ನಿನ್ನ ಮಗಳ ತಲೆ ಕಲ್ಲಂಗಡಿ ಹಂಗಿದೆ. ನಮ್ಮ ವ್ಯಾನಿನ ಮೇಲೆ ನಿನಗ್ಯಾಕಮ್ಮ ಕಣ್ಣು?" ಎಂದಿದ್ದಳು ಜೋಸಿನೇಯ್ಡೆ. ತಮಾಷೆಯೋ ಕೊಂಕೋ, ಇವತ್ತಿಗೂ ತಿಳಿದಿರಲಿಲ್ಲ. ಚೌಕದಲ್ಲಿ ಓಡುವ ಮಕ್ಕಳ ತಾಯಂದಿರ ನಡುವೆಯೂ ಎಡಿಲೇನೆಗೆ ಕೂರಲಾಗುತ್ತಿರಲಿಲ್ಲ.

"ಸಾವ್ ಜೊವಾವ್ ಹಬ್ಬದಲ್ಲಿ ಕಿಟಕಿ ಕೆಳಗೇ ಪಟಾಕಿ ಹೊಡೆದ್ರಲ್ಲ, ಇವಳು ಹಂಗೇ ಮಲಗಿದ್ಲು. ಗಂಡುಗುಂಡಿಗೆ ನನ್ನ ಮೊಮ್ಮಗಳದು!" ದೋನಾ ಬಿಯು ಇದನ್ನು ಊರಿಗೆಲ್ಲ ಹೇಳಿದ್ದರು.

"ಭಯಾನೇ ಇಲ್ಲ ಅಂತೀರಿ. ಮತ್ತೆ ಏನು ಕತ್ತರಿಸ್ತೀರಿ ಅತ್ತೆ?"

"ಎದೆ ಭಯ ಬೇರೆ, ಕಾಲಿನ ಭಯ ಬೇರೆ ಕಣೇ. ನಡಿ."

ಎಡಿಲೇನೆ ಹಿಮ್ಮುಖವಾಗಿ ನಡೆದಳು. ಐಲಾ ತಾಯಿಯ ಮುಖವನ್ನೇ ನೋಡುತ್ತ ಒಂದು ಹೆಜ್ಜೆ ಇಟ್ಟಳು. ಹಿಂದೆ ಚಾಕು ಸಿಮೆಂಟು ನೆಲವನ್ನು ಕರಕರ ಗೀರಿತು. ಜೋಸಿನೇಯ್ಡೆ ಹಲ್ಲು ಕಚ್ಚಿ, "ಮೈ ಜುಂ ಅಂತದೆ, ದೋನಾ ಬಿಯು!" ಎಂದಳು.

"ಏನು ಕತ್ತರಿಸ್ತಿದ್ದೀರಿ?" ಎಂದಳು ಎಡಿಲೇನೆ.

"ಐಲಾಳ ಭ—"

ಮುದುಕಿಯ ಸೊಂಟ ಹಿಡಿದುಕೊಂಡಿತು. ಚಾಕು ಕೈಜಾರಿ, ಅಲ್ಲಿದ್ದ ಅಲ್ಯೂಮಿನಿಯಮ್ ಬೋಗುಣಿಗೆ ಬಡಿದು ಠಣ್ಣೆಂದಿತು. ನಿಕೋಲಸ್ ಬೆಚ್ಚಿ ಚೀರಿದ. ಎಡಿಲೇನೆಯೂ ಬೆಚ್ಚಿದಳು.

ಐಲಾಳ ಕಣ್ಣರೆಪ್ಪೆ ಕೂಡ ಅಲುಗಲಿಲ್ಲ. ಅವಳು ತಾಯಿಯ ಬೆದರಿದ ಮುಖ ನೋಡಿ, ಅದೊಂದು ಆಟವೆಂದುಕೊಂಡು ನಕ್ಕಳು.

"ನೋಡಿದ್ಯಾ, ಹುಲಿ!" ಎಂದರು ಅತ್ತೆ.

ಎಡಿಲೇನೆ ಮಗಳನ್ನು ನೆಲದ ಮೇಲೆ ಕೂರಿಸಿ ಅವಳ ಬೆನ್ನ ಹಿಂದೆ ಹೋದಳು. "ಐಲಾ." ಕೂಸು ತಿರುಗಲಿಲ್ಲ. "ಐಲಾ!" ಅತ್ತೆ ಮುಂದೆ ಬಾಗಿ ಚಪ್ಪಾಳೆ ತಟ್ಟಿದಾಗ ಕೂಸು ಕತ್ತೆತ್ತಿತು. "ಕೇಳಿಸ್ತಲ್ಲ ಇವಳಿಗೆ!" ಎಂದರು ಅತ್ತೆ. ಶಬ್ದಕ್ಕೋ, ಮೇಲೆ ಬಿದ್ದ ನೆರಳಿಗೋ? ಹುಟ್ಟಿದಾಗ ಕಿವಿ ಸರಿ ಎಂದಿದ್ದ ಯಂತ್ರ ಸುಳ್ಳೋ? ಆಮೇಲೆ ಏನಾದರೂ ಆಯಿತೋ? ಇಷ್ಟು ದಿನ ಎಲ್ಲರೂ ತಲೆ ಅಳೆದಿದ್ದರು, ಕಾಲು ನೋಡಿದ್ದರು. ತಾನು ಮಾತಾಡುವಾಗ ಮಗಳು ತುಟಿಯನ್ನೇ ದಿಟ್ಟಿಸುವುದನ್ನು ಅವಳು ಪ್ರೀತಿ ಎಂದುಕೊಂಡಿದ್ದಳು. ಪ್ರೀತಿಯೂ ಇರಬಹುದು.

ದೋನಾ ಬಿಯು ಚಾಕುವನ್ನು ಎತ್ತಿಕೊಂಡು ಸೊಂಟಕ್ಕೆ ಕಟ್ಟಿಕೊಂಡಿದ್ದ ಅಡುಗೆಬಟ್ಟೆಯಲ್ಲಿ ಸುಮ್ಮನೆ ಒರೆಸುತ್ತಿದ್ದರು. "ಇನ್ನೂ ಎರಡು ಶುಕ್ರವಾರ ಇದೆ," ಎಂದರು. ಅವರ ದನಿ ಯಾರನ್ನೋ ಕೇಳುವಂತಿತ್ತು.

ಜೋಸಿನೇಯ್ಡೆ ಮಗನ ಬೆನ್ನು ತಟ್ಟುತ್ತ ಐಲಾಳ ಪಕ್ಕ ಬಂದು ನಿಂತಳು.

"ಅಕ್ಕಾ, ವ್ಯಾನು..." ಎಂದಳು ಎಡಿಲೇನೆ.

"ಮಂಗಳವಾರ, ಬೆಳಕು ಹರಿಯೋಕೆ ಮುಂಚೆ. ತಲೆ ವಿಷಯ ಡ್ರೈವರ್ ಕೇಳಿದ್ರೆ ನಾನು ಮಾತಾಡ್ತೀನಿ. ನೀನು ಹತ್ತಿ ಕೂತ್ಕೊ."